ಡಾಕ್ಟರಮ್ಮನ ಕಣ್ಣು ಕಾದ ಜವರ

ನಗಬೇಕೆನಿಸಿದರೆ ನಗಿ, ಆದರೆ ಜವರನನ್ನು ಮಾತ್ರ ಬೈಯಬೇಡಿ. ಆ ಕೆಲಸವನ್ನು ಅವನವ್ವ ದ್ಯಾವಮ್ಮ ಮೂವತ್ತು ವರ್ಷದಿಂದ ಮಾಡಿ ಮಾಡಿ ಸುಸ್ತಾಗಿದ್ದಾಳೆ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ಮಗ. ಹಾಲು ಉಕ್ಕುವುದನ್ನು ನೋಡುತ್ತಿರು ಅಂದರೆ, ಉಕ್ಕಿ ಒಲೆ ಆರುವ ತನಕ ನೋಡುತ್ತಲೇ ನಿಲ್ಲುವವನು.

ಇಂಥವನ ಅವ್ವ ದ್ಯಾವಮ್ಮನಿಗೆ ಒಂದು ದಿನ ಎದೆ ಹಿಡಿದುಕೊಂಡಿತು. ದೊಡ್ಡಾಸ್ಪತ್ರೆಯ ಡಾಕ್ಟರ್ ಪ್ರಫುಲ್ಲಾ ಎಕ್ಸ್‌ರೇಯಲ್ಲಿ ಹೃದಯದ ನಾಳ ನೋಡುತ್ತಾ ಒಳಗೆ ಸಣ್ಣ ತಂತಿ ಬಿಟ್ಟು ಸ್ಟೆಂಟ್ ತೂರಿಸಿ ಬದುಕಿಸಿದರು. ಅದು ಸಾಲದೆಂದು ಜವರನಿಗೆ ಅದೇ ಎಕ್ಸ್‌ರೇ ಕೋಣೆಯಲ್ಲಿ ಅಟೆಂಡರ್ ಕೆಲಸವನ್ನೂ ಕೊಡಿಸಿದರು. ಅಂದಿನಿಂದ ದ್ಯಾವಮ್ಮ ದೀಪ ಹಚ್ಚುವಾಗ ಮೊದಲು ಡಾಕ್ಟರಮ್ಮನನ್ನು ನೆನೆಯುತ್ತಾಳೆ, ಆಮೇಲೆ ದೇವರನ್ನು.

ಅಲ್ಲಿನ ಹಿರಿಯ ನರ್ಸು ಫಿಲೋಮಿನಾ ಸಿಸ್ಟರ್ ಒಮ್ಮೆ ಅಂದರು: "ದಿನಾ ಆ ಕಿರಣದ ಪಕ್ಕ ನಿಂತ್ರೆ ಕಣ್ಣಿಗೆ ಪೊರೆ ಬರುತ್ತೆ ದ್ಯಾವಮ್ಮ. ಸೀಸ ಬೆರೆಸಿದ ಗಾಜಿನ ಕನ್ನಡಕ ಹಾಕ್ಕೋಬೇಕು. ಡಾಕ್ಟರು ಭಾರ ಅಂತ ಹಾಕೋದೇ ಇಲ್ಲ."

ತನ್ನ ಜೀವ ಉಳಿಸಿದವರ ಕಣ್ಣು ಹೋದರೆ ತಾನು ಬದುಕಿ ಏನು ಬಂತು? ದ್ಯಾವಮ್ಮ ಮಗನನ್ನು ಕರೆದು ಹೇಳಿದಳು: "ಲೋ ಜವರ, ಆ ಕನ್ನಡಕ ಜ್ವಾಪಾನ ಕಣ್ಲಾ. ಒಂದು ಗೀರೂ ಬೀಳ್ದಂಗೆ ನೋಡ್ಕಳ್ಳಪ್ಪ."

ಜವರ ನೋಡಿಕೊಂಡ. ಇದ್ದ ಎರಡು ಕನ್ನಡಕವನ್ನೂ ಟವೆಲಿನಲ್ಲಿ ಸುತ್ತಿ ಬೀರುವಿಗೆ ಬೀಗ ಜಡಿದು ಬೀಗದ ಕೈ ಸೊಂಟಕ್ಕೆ ಕಟ್ಟಿ ಊಟಕ್ಕೆ ಹೋದ. ಅವತ್ತು ಡಾಕ್ಟರಮ್ಮನ ಜೊತೆಗೆ ಸಿಸ್ಟರ್ ಕೂಡ ಬರಿಗಣ್ಣಿನಲ್ಲೇ ಕೆಲಸ ಮಾಡಬೇಕಾಯಿತು. ಸಿಸ್ಟರ್ ಬೈದರು. ಮನೆಗೆ ಬಂದರೆ ಅವ್ವನೂ ಬೈದಳು.

"ಕನ್ನಡಕ ಇರೋದು ಬೀರುವಿಗಲ್ಲ ಕಣ್ಲಾ, ಮಕಕ್ಕೆ. ನೀನು ಬಾಗಿಲಲ್ಲೇ ನಿಂತ್ಕೊ. ಒಳಕ್ಕೆ ಯಾರು ಮೊದಲು ಬತ್ತಾರೋ ಅವ್ರಿಗೆ ಹಾಕು."

"ಹಂಗೇ ಆಗ್ಲಿ ಕಣವ್ವ."

ಮಾರನೆಯ ದಿನ ಮೊದಲು ಬಂದವನು ರೋಗಿ. ಸ್ಟ್ರೆಚರಿನ ಮೇಲೆ ಮಲಗಿದ್ದ ಮುದುಕನಿಗೆ ಒಂದು ಕನ್ನಡಕ, ಸ್ಟ್ರೆಚರ್ ತಳ್ಳಿಕೊಂಡು ಬಂದವನಿಗೆ ಇನ್ನೊಂದು. ಮುದುಕ ದೀನನಾಗಿ, "ಕನ್ನಡಕ ಹಾಕಿದ್ರೂ ನಂಗೆ ಓದಕ್ಕೆ ಬರಾಕಿಲ್ಲ ಕಣಪ್ಪ" ಅಂದ. ಡಾಕ್ಟರಮ್ಮ ನಕ್ಕರು, ಮತ್ತೆ ಬರಿಗಣ್ಣಿನಲ್ಲೇ ನಿಂತರು.

ಸಿಸ್ಟರಿಗೆ ನಗು ಬರಲಿಲ್ಲ. "ರೋಗಿ ಒಂದಿನ ಬಂದು ಹೋಗ್ತಾನೆ ಜವರ. ಅವನ ಮೈಗೆ ತಾಕಿ ಚದುರೋ ಕಿರಣ ದಿನಾ ಬೀಳೋದು ನಮ್ಮ ಮುಖಕ್ಕೆ. ಎಷ್ಟು ಬಿತ್ತು ಅಂತ ತಿಳಿಯೋಕೇ ಎದೆ ಮೇಲೆ ಈ ಬ್ಯಾಡ್ಜು. ಡಾಕ್ಟರು ಅದನ್ನೂ ಡ್ರಾಯರಲ್ಲಿ ಮಲಗಿಸಿ ಬರ್ತಾರೆ. ಅಳತೆ ಮೀರಿದ್ರೆ ರಜೆ ಮೇಲೆ ಕೂರಿಸ್ತಾರೆ, ಕಾಯ್ತಿರೋ ರೋಗಿಗಳನ್ನ ಯಾರು ನೋಡ್ತಾರೆ ಅಂತ. ಡ್ರಾಯರಿಗೆ ಕಿರಣ ಬೀಳುತ್ತಾ? ಮೂರು ತಿಂಗಳಿಗೊಮ್ಮೆ ಪರೀಕ್ಷೆಗೆ ಕಳಿಸಿದ್ರೆ ಪ್ರತಿ ಸಲವೂ ಸೊನ್ನೆ ಬರುತ್ತೆ."

ಜವರ ಇದನ್ನೆಲ್ಲ ಅವ್ವನಿಗೆ ಒಪ್ಪಿಸಿದ. ದ್ಯಾವಮ್ಮ ಹಣೆ ಹಣೆ ಚಚ್ಚಿಕೊಂಡಳು. "ಮುದುಕಪ್ಪನ ಮಕಕ್ಕೆ ಹಾಕಿದ್ಯಲ್ಲೋ ಪೆದ್ದ. ಹೋಗ್ಲಿ, ಆ ಬ್ಯಾಡ್ಜಾದ್ರೂ ಡ್ರಾಯರಿಂದ ತಗಿ. ಕಿರಣ ಎಲ್ಲಿ ಬೀಳ್ತದೋ ಅಲ್ಲಿ ಮಡಗು."

"ಹಂಗೇ ಆಗ್ಲಿ ಕಣವ್ವ."

ಕಿರಣ ಎಲ್ಲಿ ಬೀಳುತ್ತದೆ? ಮೆಷಿನ್ನಿನ ಬಾಯಿಗೇ ತಾನೆ. ಜವರ ಡಾಕ್ಟರಮ್ಮನ ಬ್ಯಾಡ್ಜನ್ನು ಒಯ್ದು ಅಲ್ಲೇ ಅಂಟಿಸಿದ. ಮೂರು ತಿಂಗಳು ಅದು ಅಲ್ಲೇ ಇತ್ತು. ಪರೀಕ್ಷೆಗೆ ಕಳಿಸುವ ದಿನ ಕಿತ್ತು ಡಬ್ಬಿಗೆ ಹಾಕಿದ.

ಬಂತು ನೋಡಿ ಕಾಗದ. ಇಷ್ಟು ಕಿರಣ ಬಿದ್ದವರು ನೆಟ್ಟಗೆ ಓಡಾಡುತ್ತಿದ್ದಾರೆಯೇ, ಕೂಡಲೇ ಕೆಲಸ ನಿಲ್ಲಿಸಿ ತಪಾಸಣೆ ಮಾಡಿಸಿ ಅಂತ. ಆಸ್ಪತ್ರೆಯೆಲ್ಲ ಗಡಿಬಿಡಿ. ವಿಚಾರಿಸಿದರೆ, "ನಾನೇ ಅಂಟಿಸಿದ್ದು, ಅವ್ವ ಹೇಳಿತ್ತು" ಅಂದ ಜವರ. ಡಾಕ್ಟರಮ್ಮ ಜೀವನದಲ್ಲಿ ಮೊದಲ ಸಲ ಅವನ ಮೇಲೆ ರೇಗಿದರು. ಆದರೆ ನಿಜವಾಗಿ ಎಷ್ಟು ಬಿತ್ತೋ ಯಾರಿಗೂ ಗೊತ್ತಿಲ್ಲ, ತಪಾಸಣೆ ಮಾಡಿಸದೆ ಕೆಲಸಕ್ಕೆ ಹಚ್ಚುವಂತಿಲ್ಲ ಅಂತ ಮೇಲಿನವರು ಪಟ್ಟು ಹಿಡಿದರು. ಡಾಕ್ಟರಮ್ಮ ಗೊಣಗಿಕೊಂಡೇ ಕಣ್ಣಿನ ಡಾಕ್ಟರ ಹತ್ತಿರ ಹೋದರು.

ಬರುವಾಗ ಗೊಣಗಾಟ ಇರಲಿಲ್ಲ. ಎಡಗಣ್ಣಿನಲ್ಲಿ ಪೊರೆ ಶುರುವಾಗಿತ್ತು, ಸಾಸಿವೆಗಿಂತ ಚಿಕ್ಕದು. ಈಗಿಂದಲೇ ಕನ್ನಡಕ ಹಾಕಿದರೆ ಇಷ್ಟಕ್ಕೇ ನಿಂತರೂ ನಿಲ್ಲಬಹುದು, ಇನ್ನೊಂದಷ್ಟು ವರ್ಷ ಹೀಗೇ ಬಿಟ್ಟಿದ್ದರೆ ನಾಳದೊಳಗಿನ ತಂತಿ ಕಾಣುತ್ತಿರಲಿಲ್ಲ ಅಂದಿದ್ದರು ಕಣ್ಣಿನ ಡಾಕ್ಟರು.

ಅವತ್ತೇ ಸಂಜೆ ಡಾಕ್ಟರಮ್ಮ ದ್ಯಾವಮ್ಮನ ಮನೆಗೆ ಬಂದು ಚಾಪೆಯ ಮೇಲೆ ಕೂತರು. "ಓದಿದೋರೆಲ್ಲ ಸೇರಿ ಸೊನ್ನೆ ಬರೆಸ್ಕೊಂಡು ಸುಮ್ಮನಿದ್ವಿ ದ್ಯಾವಮ್ಮ. ನಿಮ್ಮ ಮಗ ನನ್ನ ಕಣ್ಣು ಉಳಿಸಿದ" ಅಂದರು. ಮೂವತ್ತು ವರ್ಷದಲ್ಲಿ ಮಗನ ಹೆಸರು ಹಿಡಿದು ಮನೆಗೆ ಬಂದವರಲ್ಲಿ ಹೊಗಳಲು ಬಂದವರು ಇವರೊಬ್ಬರೇ. ದ್ಯಾವಮ್ಮ ಅವರ ಕೈ ಹಿಡಿದುಕೊಂಡು ಅತ್ತಳು.

ಹೊರಡುವಾಗ ಡಾಕ್ಟರಮ್ಮ ಜವರನ ಬೆನ್ನು ತಟ್ಟಿದರು. "ಇನ್ಮೇಲೆ ನನ್ನ ಕಣ್ಣಿಗೆ ಯಾವ ಕಿರಣವೂ ಬೀಳೋಕೆ ಬಿಡಬೇಡಪ್ಪ. ಯಾರೇನೇ ಹೇಳಲಿ."

"ಹಂಗೇ ಆಗ್ಲಿ ಕಣವ್ವ" ಅಂದ ಜವರ.

ಆರು ತಿಂಗಳು ಡಾಕ್ಟರಮ್ಮ ಕನ್ನಡಕ ತೆಗೆಯಲಿಲ್ಲ, ಜವರ ತೆಗೆಯಗೊಡಲಿಲ್ಲ. ಮತ್ತೆ ಕಣ್ಣು ತೋರಿಸುವ ದಿನ ಬಂತು. ದ್ಯಾವಮ್ಮ ಬೆಳಿಗ್ಗೆಯಿಂದ ನೀರು ಕೂಡ ಕುಡಿಯದೆ ಮಗನನ್ನು ಕರೆದುಕೊಂಡು ಡಾಕ್ಟರಮ್ಮನ ಹಿಂದೆಯೇ ಹೋದಳು. ಕಣ್ಣಿನ ಡಾಕ್ಟರು ಕೋಣೆ ಕತ್ತಲೆ ಮಾಡಿದರು. ಡಾಕ್ಟರಮ್ಮ ಕನ್ನಡಕ ಬಿಚ್ಚಿ ಗದ್ದ ಊರಿ ಕೂತರು. ಯಂತ್ರದಿಂದ ಸಣ್ಣಗೆ ಒಂದು ಬೆಳಕು ಹೊರಟು ನೇರವಾಗಿ ಅವರ ಎಡಗಣ್ಣಿಗೇ ಬಿತ್ತು.

ಜವರ ಒಂದೇ ನೆಗೆತಕ್ಕೆ ನಡುವೆ ಬಂದ. ಡಾಕ್ಟರಮ್ಮನ ಮುಖಕ್ಕೆ ಸೀಸದ ಕನ್ನಡಕ ಹಾಕಿ, ಅವರನ್ನು ಕುರ್ಚಿ ಸಮೇತ ಗೋಡೆಯ ತನಕ ಎಳೆದೊಯ್ದ.

"ಏನಯ್ಯಾ ಇದು, ಬೆಳಕು ಬಿಡದೆ ನಾನು ಕಣ್ಣು ನೋಡೋದು ಹೇಗೆ?" ಅಂದರು ಕಣ್ಣಿನ ಡಾಕ್ಟರು.

ದ್ಯಾವಮ್ಮ ಬೈಯಲೆಂದು ಬಾಯಿ ತೆರೆದಳು. ಅಷ್ಟರಲ್ಲಿ ಜವರ ಯಂತ್ರದ ಮುಂದೆ ಮೊಣಕಾಲೂರಿ, ಗದ್ದ ಇಟ್ಟು, ಎರಡು ಕಣ್ಣನ್ನೂ ಅಗಲಿಸಿ ಹಿಡಿದಿದ್ದ.

"ನನ್ನವೇ ನೋಡಿ ಸಾ. ನೋಡಿ, ಡಾಕ್ಟರಮ್ಮನ ಹೆಸ್ರಿಗೆ ಬರ್ಕಳಿ."