ಸಾಕವ್ವನ ಸೂರಿನ ಮೇಲಿನ ಕೊಂಬೆ

ನಾನು ಮೊದಲ ಸಲ ಮನೆ ಬಿಟ್ಟು ನಡೆದದ್ದು ಯುಗಾದಿಯ ಮಾರನೇ ದಿನ. ನಾಲ್ಕನೇ ಕ್ಲಾಸಿನ ಪುಸ್ತಕ ಗೂಡಿನಲ್ಲೇ ಉಳಿಯಿತು. ಆಮೇಲೆ ದಾರಿಯಲ್ಲಿ ಸಿಕ್ಕ ಕಥೆಗಳಲ್ಲಿ ಇದೊಂದು. ಹತ್ತಿರ ಬನ್ನಿ ಮಕ್ಕಳೇ.

ಒಂದು ರಾಜ್ಯ, ಅಲ್ಲೊಬ್ಬ ರಾಜ. ಅರಮನೆಯ ಹಿತ್ತಲಲ್ಲಿ ಮುದಿ ಹುಣಸೆಮರ. ಇಡೀ ಕೇರಿಯ ಸಾರಿಗೆ ಹುಳಿ ಅದರದ್ದೇ. ಅದರ ಒಂದು ದಪ್ಪ ಕೊಂಬೆ ಗೋಡೆ ದಾಟಿ, ಸಾಕವ್ವ ಎಂಬ ಮುದುಕಿಯ ಗುಡಿಸಲ ಮೇಲೆ ಚಾಚಿತ್ತು.

ಮೊದಲ ಗಾಳಿಗೆ ಕೊಂಬೆ ಕಿರ್ರೆಂದಿತು. ಎರಡನೇ ಗಾಳಿಗೆ ತೊಗಟೆ ಉದುರಿತು. ಮೂರನೇ ಗಾಳಿಗೆ ಕೈ ತೂರುವಷ್ಟು ಸೀಳು ಬಿಟ್ಟಿತು.

ಸಾಕವ್ವ ರಾಜನ ಹತ್ತಿರ ಹೋದಳು. "ಅಪ್ಪಾ, ನನಗಿರೋದು ಒಂದೇ ಸೂರು. ಅದೂ ಉಳೀಬೇಕು, ಮರವೂ ಉಳೀಬೇಕು."

ಕೊಂಬೆ ಕಡಿಯುವವರು ಬೇಕೆಂದು ರಾಜ ಡಂಗುರ ಸಾರಿಸಿದ. ಭರಮಣ್ಣ ಎಂಬವನು ಬಂದ. ಜರಿ ರುಮಾಲು, ಬೆಳ್ಳಿ ಕಟ್ಟಿನ ಕೊಡಲಿ, ಅದನ್ನು ಹೊರಲು ಹಿಂದೊಬ್ಬ ಆಳು. "ಏಳು ರಾಜ್ಯದ ಮರ ಕಡಿದವನು ನಾನು, ಮಹಾಪ್ರಭು!"

ಸಾಕವ್ವ ಕೇಳಿದಳು: "ಕೊಂಬೆ ಯಾವ ಕಡೆ ಬೀಳ್ತದಪ್ಪ?"

"ಅದು ನನಗೆ ಬಿಡು ಅಜ್ಜಿ."

"ಹಗ್ಗ ಎಲ್ಲಿ ಕಟ್ತೀಯ?"

"ಹಗ್ಗ ಪುಕ್ಕಲರಿಗೆ. ನನಗೆ ಬಿಡು."

"ಮೊದಲ ಏಟು ಮೇಲಿಂದಲೋ ಕೆಳಗಿಂದಲೋ?"

"ನನಗೆ ಬಿಡು ಅಂದೆನಲ್ಲ! ನೀನು ಒಳಗೆ ಕೂತು ಮುದ್ದೆ ತಿರುವು. ನಿನ್ನ ಗಡಿಗೆ ಕೂಡ ಅಲುಗಲ್ಲ."

"ಹಂಗಾದ್ರೆ ನೀನೂ ಬಾ ಮಗನೇ, ನನ್ನ ಪಕ್ಕ ಕೂತು ಮುದ್ದೆ ಉಣ್ಣು. ಕೊಡಲಿ ನಿನ್ನ ಆಳು ಬೀಸಲಿ. ನೀ ಕಲಿಸಿದವನೇ ತಾನೆ?"

"ಸರಿಯಾದ ಮಾತು," ಅಂದ ರಾಜ.

ಭರಮಣ್ಣ ಸೀಳಿನ ಕಡೆ ನೋಡಿದ. ಆಳಿನ ಕಡೆ ನೋಡಿದ. "ಇವತ್ತು ಸೋಮವಾರ, ನನಗೆ ಒಪ್ಪತ್ತು."

"ಮಂಗಳವಾರ?" ಅಂದಳು ಸಾಕವ್ವ.

"ಮಂಗಳವಾರ ಮುದ್ದೆ ಮುಟ್ಟಲ್ಲ."

"ಬುಧವಾರ?"

ಬುಧವಾರದ ಹೊತ್ತಿಗೆ ಆಸಾಮಿ ಗಡಿ ದಾಟಿದ್ದ.

ಗುರುವಾರ ದುಗ್ಗಯ್ಯ ಬಂದ. ಹೆಗಲ ಮೇಲೆ ಹಗ್ಗದ ಸುರುಳಿ, ಕೈಯಲ್ಲಿ ಸವೆದ ಕೊಡಲಿ. ಮರವನ್ನು ಮೂರು ಸುತ್ತು ಹಾಕಿದ. ಕೊಡಲಿಯ ಕಾವಿನಿಂದ ತಟ್ಟಿ ಕಿವಿಯಿಟ್ಟ. ಸಾಕವ್ವ ಅದೇ ಮೂರು ಮಾತು ಕೇಳಿದಳು.

"ತೆಂಕಲಿಗೆ ತೂಗ್ತದೆ ಅಜ್ಜಿ, ನಿನ್ನ ಸೂರಿಗೇ. ಮೇಲಿನ ಕವಲಿಗೆ ಎರಡು ಹಗ್ಗ ಕಟ್ಟಿ ಈಚೆ ಎಳೀಬೇಕು. ಮೊದಲ ಕಚ್ಚು ಕೆಳಗಿಂದ. ಇಲ್ದಿದ್ರೆ ಬೀಳೋ ಕೊಂಬೆ ಮರದ ಚರ್ಮ ಸುಲ್ಕೊಂಡು ಹೋಗ್ತದೆ."

"ನನ್ನ ಜೊತೆ ಒಳಗೆ ಕೂರ್ತೀಯಾ?"

"ನಾನೂ ಕೂರಲ್ಲ, ನಿನ್ನೂ ಕೂರಿಸಲ್ಲ. ಕೋಳಿ ಇದ್ರೆ ಅದನ್ನೂ ಆಚೆ ತಾ."

ರಾಜ ನಕ್ಕ. "ಏನಯ್ಯ, ಹೆದರಿಕೆಯಾ?"

"ಹೌದು ಬುದ್ಧಿ, ನಲವತ್ತು ವರ್ಷದಿಂದ. ಅದಕ್ಕೇ ಎರಡೂ ಕೈ ಇವೆ."

ಕೊಂಬೆ ತುಂಡು ತುಂಡಾಗಿ, ತೊಟ್ಟಿಲು ಇಳಿಸಿದ ಹಾಗೆ ಇಳಿಯಿತು. ಗುಡಿಸಲ ಒಂದು ಹುಲ್ಲೂ ಕದಲಲಿಲ್ಲ. ಮುಂದಿನ ವರ್ಷ ಮರ ಎಂದಿನಂತೆ ಕಾಯಿ ಬಿಟ್ಟಿತು.

ನೀತಿ ಇಷ್ಟೇ. ಮರಕ್ಕೆ ಕೊಡಲಿ ಹಾಕಿಸುವ ಮೊದಲು ಮೂರು ಮಾತು ಕೇಳಿ. ಉತ್ತರ ಗೊತ್ತಿದ್ದವನಿಗೆ ಕೆಲಸ ಕೊಡಿ, ಬಡಾಯಿಯವನಿಗೆ ಊರಾಚೆಯ ದಾರಿ ತೋರಿಸಿ.

ಕಂಬಳಿ ಸುತ್ತಿದೆ, ಚೊಂಬು ಕಟ್ಟಿದೆ. ನಾನಿನ್ನು ಹೊರಟೆ. ನೀವೂ ಏಳಿ ಮಕ್ಕಳೇ, ಬೇಗ. ನಾವು ಕೂತ ಈ ಅರಳಿಮರದ ಒಣಕೊಂಬೆ ಬೆಳಗಿನಿಂದ ಎರಡು ಸಲ ಕಿರ್ರೆಂದಿದೆ.