ಹತ್ತು ಮೊಟ್ಟೆಯ ಪ್ರಿಂಟರು

ಒಂದು ಕಾಡಿನಲ್ಲಿ ಅರ್ಜಿ ಬರೆದುಕೊಡುವ ಆಫೀಸು ಇತ್ತು. ನಗಬೇಡಿ. ಹುಲಿ ಇರುವ ಕಾಡು, ಸಿಂಹ ಇರುವ ಕಾಡು ಎಲ್ಲರ ಕಥೆಯಲ್ಲೂ ಸಿಗುತ್ತದೆ. ಆಫೀಸು ಇರುವ ಕಾಡು ಬೇಕೆಂದರೆ ಕಥೆ ಹೇಳುವವನಿಗೆ ತಾಕತ್ತು ಇರಬೇಕು. ಇದೆ, ಕೇಳಿ.

ಆಫೀಸು ಹುಣಸೆಮರದ ಬೊಡ್ಡೆಯ ಪೊಟರೆಯಲ್ಲಿತ್ತು. ಅದನ್ನು ನಡೆಸುತ್ತಿದ್ದವರು ಮುಂಗುಸಿ ಕೆಂಚಪ್ಪ ಮತ್ತು ಅವನ ಹೆಂಡತಿ ತಿಪ್ಪಮ್ಮ. ಅರ್ಜಿ ಬರೆಯುವುದು ತಿಪ್ಪಮ್ಮನ ಕೆಲಸ. ಬಂದವರ ಜೊತೆ ಮಾತಾಡುವುದು ಕೆಂಚಪ್ಪನ ಕೆಲಸ. ಎರಡರಲ್ಲಿ ತನ್ನದೇ ಕಷ್ಟದ್ದು ಎಂದು ಕೆಂಚಪ್ಪ ನಂಬಿದ್ದ.

ಆ ಬೇಸಿಗೆಯ ಕೊನೆಯಲ್ಲಿ ಕಾಡಿನ ಯಜಮಾನರಾದ ಆನೆ ಸಾಹೇಬರು ಡಂಗುರ ಹೊಡೆಸಿದರು. ಬಿಲದಲ್ಲಿ ಇರುವವರೆಲ್ಲ ಮೊದಲ ಮಳೆಗೆ ಮುಂಚೆ ತಮ್ಮ ಬಿಲಕ್ಕೆ ಅರ್ಜಿ ಕೊಡಬೇಕು. ಅರ್ಜಿ ಇಲ್ಲದ ಬಿಲದಲ್ಲಿ ಯಾರು ಹೋಗಿ ಕೂತರೂ ಬಿಲ ಅವರದೇ.

ಕಾಡೆಲ್ಲ ಹುಣಸೆಮರದ ಬುಡಕ್ಕೆ ಓಡಿ ಬಂತು. ಮೊಲ, ಹೆಗ್ಗಣ, ಮುಳ್ಳುಹಂದಿ, ಉಡ. ಒಟ್ಟು ನೂರ ನಲವತ್ತು ಬಿಲ. ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಂತವಳು ಮೊಲದ ಚೌಡಮ್ಮ. ಅವಳ ಬಿಲದಲ್ಲಿ ಆರು ಮರಿ ಕಣ್ಣು ಬಿಡದೆ ಮಲಗಿದ್ದವು.

"ಬೇಗ ಬರ್ಕೊಡಪ್ಪ ಕೆಂಚಪ್ಪ. ಬಿಲ ಹೋದ್ರೆ ಈ ಮಕ್ಕಳನ್ನ ಕಟ್ಕೊಂಡು ಮಳೇಲಿ ಎಲ್ಲಿಗೆ ಹೋಗ್ಲಿ?" ಎಂದಳು.

"ಕೈಯಲ್ಲಿ ಬರೆದ್ರೆ ದೀಪಾವಳಿಗೆ ಮುಗಿಯುತ್ತೆ. ಮಷೀನು ತರಬೇಕು," ಎಂದಳು ತಿಪ್ಪಮ್ಮ.

ಗಂಡ ಹೆಂಡತಿ ಕೂಡಿಟ್ಟ ಮೊಟ್ಟೆ ಮೂವತ್ತು ಇದ್ದವು. ಕಾಡಿನಲ್ಲಿ ಪ್ರಿಂಟರು ಮಾರುವ ಅಂಗಡಿ ಎರಡು. ಕೆರೆ ಪಕ್ಕದ ಕೊಕ್ಕರೆಯ ಅಂಗಡಿಯಲ್ಲಿ ಮೂವತ್ತು ಮೊಟ್ಟೆಗೆ ಒಂದು ಮಷೀನು ಇತ್ತು. ನೋಡಲು ಸೊಟ್ಟ ಪೆಟ್ಟಿಗೆ. ಕಪ್ಪು ಅಕ್ಷರ ಬಿಟ್ಟರೆ ಅದಕ್ಕೆ ಬೇರೇನೂ ಬರುತ್ತಿರಲಿಲ್ಲ. ಆದರೆ ಒಂದು ಸಲ ಶಾಯಿ ತುಂಬಿಸಿದರೆ ಒಂದು ಬೇಸಿಗೆ ಪೂರ್ತಿ ಓಡುತ್ತಿತ್ತು.

ಇನ್ನೊಂದು ಅಂಗಡಿ ನರಿ ಪಾಲಾಕ್ಷಿಯದು. ಅಲ್ಲಿ ಬಾಗಿಲಿಗೆ ಮಿಣುಕು ದೀಪ, ಒಳಗೆ ಹಾಡು. ಕೆಂಚಪ್ಪನ ಕಾಲು ತಾನಾಗಿಯೇ ಅಲ್ಲಿಗೆ ತಿರುಗಿತು. ತಿಪ್ಪಮ್ಮ ಹಿಂದೆಯೇ ನಡೆದಳು.

"ಬಾ ಕೆಂಚಣ್ಣ, ಬಾ. ನಿನ್ನಂಥ ಆಫೀಸಿನವನು ಆ ಕೊಕ್ಕರೆ ಪೆಟ್ಟಿಗೆ ಇಟ್ಕೊಂಡ್ರೆ ಜನ ಏನಂದಾರು?" ಎಂದ ಪಾಲಾಕ್ಷಿ. ಕೆಂಪು ಬಣ್ಣದ ದೊಡ್ಡ ಮಷೀನೊಂದರ ಮೇಲಿನ ಬಟ್ಟೆ ಎಳೆದ. "ಇದು ಬಣ್ಣದ್ದು. ಹಾಡುತ್ತೆ. ಫೋನಲ್ಲಿ ಹೇಳಿದ್ರೆ ಅಲ್ಲಿಂದಾನೇ ಕೇಳಿಸ್ಕೊಂಡು ಪ್ರಿಂಟು ಹಾಕುತ್ತೆ."

"ನಮ್ಮ ಹತ್ರ ಫೋನೇ ಇಲ್ವಲ್ಲ," ಎಂದಳು ತಿಪ್ಪಮ್ಮ.

"ಮುಂದೆ ತಗೋತೀರಲ್ಲ ಅಕ್ಕ."

"ಅರ್ಜಿಗೆ ಹಾಡು ಯಾಕೆ?"

"ಕೆಲಸ ಮಾಡೋರಿಗೆ ಬೇಜಾರು ಆಗಬಾರ್ದಲ್ಲ ಅಕ್ಕ."

"ಬೆಲೆ?" ಎಂದ ಕೆಂಚಪ್ಪ. ಅವನ ಬಾಲ ಆಗಲೇ ಪೊರಕೆಯಷ್ಟು ಉಬ್ಬಿತ್ತು.

ಪಾಲಾಕ್ಷಿ ದನಿ ಇಳಿಸಿದ. "ಬೇರೆಯವರಿಗಾದ್ರೆ ನಲವತ್ತು. ನಿನಗೆ ಹತ್ತು ಮೊಟ್ಟೆ."

ತಿಪ್ಪಮ್ಮ ಗಂಡನನ್ನು ಪಕ್ಕಕ್ಕೆ ಎಳೆದಳು. "ಏನ್ರೀ, ಎಮ್ಮೆ ಕೊಳ್ಳೋವಾಗ ಹಾಲು ಎಷ್ಟು ಅಂತ ಮಾತ್ರ ಕೇಳ್ತಾರಾ? ಮೇವು ಎಷ್ಟು ಅಂತಲೂ ಕೇಳ್ತಾರೆ. ಶಾಯಿ ಎಷ್ಟು ಕುಡಿಯುತ್ತೆ ಕೇಳಿ."

"ಶಾಯಿಗೆ ನಾನಿದ್ದೀನಲ್ಲ ಅಕ್ಕ," ಎಂದ ಪಾಲಾಕ್ಷಿ.

"ಅದೇ ನನ್ನ ಭಯ," ಎಂದಳು ತಿಪ್ಪಮ್ಮ.

ಕೆಂಚಪ್ಪನಿಗೆ ನಾಚಿಕೆಯಾಯಿತು. ಹತ್ತು ಮೊಟ್ಟೆಗೆ ಆನೆಯಂಥ ಮಷೀನು ಸಿಗುವಾಗ ಶಾಯಿಯ ಮಾತೇನು ಎಂದುಕೊಂಡ. ಕೊಕ್ಕರೆಯ ಅಂಗಡಿಯ ಮುಂದೆಯೇ ಮಷೀನನ್ನು ತಲೆಯ ಮೇಲೆ ಹೊತ್ತು ಮೆರೆಯುತ್ತ ಬಂದ. ಕೊಕ್ಕರೆ ಕತ್ತು ತಿರುಗಿಸಿ ನೋಡಿತು. ಒಂದು ಮೀನು ನುಂಗಿತು.

ಬಂಡೆಯ ಮೇಲಿನ ಸೋಲಾರ್ ಹಲಗೆಗೆ ವೈರು ಸಿಕ್ಕಿಸಿದರು. ಮಷೀನು ಹಾಡಿತು, ನಡುಗಿತು, ಕಾಗದ ಉಗುಳಿತು. ಚೌಡಮ್ಮನ ಅರ್ಜಿ ಬಂತು. ಅಕ್ಷರ ಮುತ್ತಿನ ಹಾಗಿತ್ತು. ಬಲಗಡೆ ಮೇಲಿನ ಮೂಲೆಯಲ್ಲಿ ಪಾಲಾಕ್ಷಿಯ ಮುಖವೂ ಇತ್ತು. ಕೆಂಪು ಮೂತಿ, ಹಳದಿ ಕಣ್ಣು, ಹಲ್ಲು ಕಿರಿದ ನಗು.

"ಇದ್ಯಾಕೆ ಇಲ್ಲಿ ಬಂದ ಇವನು?" ಎಂದಳು ಚೌಡಮ್ಮ.

ಕೆಂಚಪ್ಪ ಓಡಿಹೋಗಿ ಕೇಳಿ ಬಂದ. "ಅದು ಕಂಪನಿ ಮುದ್ರೆಯಂತೆ. ಎಲ್ಲ ಕಾಗದದಲ್ಲೂ ತಾನಾಗೇ ಬರುತ್ತಂತೆ. ನೋಡು, ಎಂಥ ಬಣ್ಣ."

"ರೀ, ಆ ಮೂಲೆ ಮಾಲೀಕರು ಹೆಜ್ಜೆ ಒತ್ತೋ ಜಾಗ," ಎಂದಳು ತಿಪ್ಪಮ್ಮ. "ಸಾಹೇಬ್ರ ಕಣ್ಣು ಚಿಕ್ಕದು. ಅವರು ಅಕ್ಷರ ಓದಲ್ಲ. ಮೂಲೇಲಿ ಯಾರ ಗುರುತು ಇದೆಯೋ ಬಿಲ ಅವರದು ಅಂತಾರೆ."

"ಹೆಜ್ಜೆ ಕೆಳಗೆ ಒತ್ತಲಿ ಬಿಡು. ಕಾಗದ ಒಂದೇ ತಾನೆ? ಬಣ್ಣದ ಅರ್ಜಿ ಕೊಟ್ಟ ಆಫೀಸು ಈ ಕಾಡಲ್ಲಿ ಇನ್ಯಾವುದಿದೆ?"

ಸಾಲಿನಲ್ಲಿದ್ದವರಿಗೂ ಬಣ್ಣ ಇಷ್ಟವಾಯಿತು. ಹೆಗ್ಗಣವಂತೂ ಎರಡು ಪ್ರತಿ ಕೇಳಿತು. ಎಲ್ಲರೂ ಕಾಗದದ ಕೆಳಗೆ ಹೆಜ್ಜೆ ಒತ್ತಿದರು.

ಇಪ್ಪತ್ತು ಅರ್ಜಿ ಆಯಿತು. ಮಷೀನು ಹಾಡು ನಿಲ್ಲಿಸಿ ಕೆಂಪು ದೀಪ ಹಚ್ಚಿತು. ಶಾಯಿ ಖಾಲಿ. ಪಾಲಾಕ್ಷಿ ಒಂದು ಬಾಟಲಿ ಶಾಯಿಗೆ ಐದು ಮೊಟ್ಟೆ ತೆಗೆದುಕೊಂಡ. ಇನ್ನಿಪ್ಪತ್ತು ಅರ್ಜಿಗೆ ಅದೂ ಖಾಲಿ. ಕೆಂಚಪ್ಪ ನೇರಳೆಹಣ್ಣು ಹಿಂಡಿ ರಸ ಹುಯ್ದು ನೋಡಿದ. ಮಷೀನು ಅದನ್ನು ಅವನ ಮುಖಕ್ಕೇ ಉಗಿಯಿತು.

"ಅದು ನನ್ನ ಶಾಯಿ ಬಿಟ್ಟು ಬೇರೇದು ಮುಟ್ಟಲ್ಲ ಕೆಂಚಣ್ಣ. ಮಡಿ ಮಷೀನು," ಎಂದ ಪಾಲಾಕ್ಷಿ.

ಕೂಡಿಟ್ಟದ್ದೆಲ್ಲ ಮುಗಿಯಿತು. ತಿಪ್ಪಮ್ಮ ಬಾಣಂತನಕ್ಕೆಂದು ಹುಲ್ಲಿನಡಿ ಬಚ್ಚಿಟ್ಟಿದ್ದ ಮೊಟ್ಟೆಗಳೂ ಹೋದವು. ಅವಳು ಬಯ್ಯಲಿಲ್ಲ. ಅದೇ ಕೆಂಚಪ್ಪನಿಗೆ ಹೆಚ್ಚು ನೋವಾಯಿತು. ನೂರ ನಲವತ್ತನೆಯ ಅರ್ಜಿ ಹೊರಬಂದ ದಿನ ಆಫೀಸಿನಲ್ಲಿ ಮೊಟ್ಟೆಯ ಸಿಪ್ಪೆಯೂ ಉಳಿದಿರಲಿಲ್ಲ.

ಮಾರನೆಯ ದಿನ ಆಲದಮರದ ಕೆಳಗೆ ಆನೆ ಸಾಹೇಬರು ಕೂತರು. ಸೊಂಡಿಲಿನಿಂದ ಒಂದೊಂದೇ ಅರ್ಜಿ ಎತ್ತಿದರು. ಮೂಲೆ ನೋಡಿದರು. ನರಿ. ಇನ್ನೊಂದು ಎತ್ತಿದರು. ನರಿ. ಮತ್ತೊಂದು. ನರಿ.

"ನಮ್ಮ ಕಾಡಲ್ಲಿ ಇಷ್ಟು ನರಿ ಯಾವಾಗ ಹುಟ್ಟಿದವು?" ಎಂದರು. ಪಾಲಾಕ್ಷಿಯನ್ನು ಕರೆಸಿದರು. "ಏನಯ್ಯಾ, ಈ ನೂರ ನಲವತ್ತು ಬಿಲವೂ ನಿನ್ನದೇನೋ?"

ಪಾಲಾಕ್ಷಿ ಒಂದು ಕ್ಷಣ ತಬ್ಬಿಬ್ಬಾದ. ಮುಖ ಹಾಕಿಸಿದ್ದು ಶಾಯಿ ಬೇಗ ಖಾಲಿಯಾಗಲಿ ಎಂದು ಮಾತ್ರ. ಬಿಲದ ಯೋಚನೆ ಅವನಿಗೂ ಬಂದಿರಲಿಲ್ಲ. ಆದರೆ ಬಾಯಿಗೆ ಬಂದ ತುತ್ತನ್ನು ನರಿ ಯಾವತ್ತು ಬಿಟ್ಟಿದೆ?

"ಹೌದು ಸಾಹೇಬ್ರೆ. ಮುಖಾನೇ ಹೇಳುತ್ತಲ್ಲ," ಎಂದ.

"ಅಯ್ಯೋ, ನನ್ನ ಮಕ್ಕಳು ಒಳಗಿದ್ದಾವೆ," ಎಂದಳು ಚೌಡಮ್ಮ.

"ಇರ್ಲಿ ಬಿಡವ್ವ. ಬಾಡಿಗೆ ಕೊಟ್ಕೊಂಡು ಇರು," ಎಂದ ಪಾಲಾಕ್ಷಿ.

ಕೆಂಚಪ್ಪ ಮುಂದೆ ಬಂದ. "ಸಾಹೇಬ್ರೆ, ತಪ್ಪು ನಂದು. ಅಗ್ಗಕ್ಕೆ ಸಿಕ್ತು ಅಂತ ಆ ಮಷೀನು ತಂದೆ. ಮುಖ ಅದೇ ಹಾಕುತ್ತೆ. ಹೆಜ್ಜೆ ಕೆಳಗಿದೆ, ನೋಡಿ."

"ಕೆಳಗಿನದು ನಾನು ನೋಡಲ್ಲ. ನಮ್ಮಪ್ಪನೂ ನೋಡ್ತಿರಲಿಲ್ಲ," ಎಂದರು ಆನೆ ಸಾಹೇಬರು. ಪಾಲಾಕ್ಷಿ ಚಂಗನೆ ಹಾರಿ ಬಂದು ಸಾಹೇಬರ ದಫ್ತರದಲ್ಲಿ ಹೆಜ್ಜೆ ಒತ್ತಿಬಿಟ್ಟ. ನೂರ ನಲವತ್ತು ಬಿಲವೂ ಅವನದೆಂದು ಅಲ್ಲಿಗೆ ಖಾಯಂ ಆಯಿತು.

ಎಲ್ಲರೂ ಕಿವಿ ಇಳಿಬಿಟ್ಟು ನಿಂತರು. ಆಗ ತಿಪ್ಪಮ್ಮ ಮೆಲ್ಲಗೆ ಕೇಳಿದಳು. "ಸಾಹೇಬ್ರೆ, ಕೆರೆ ಹೂಳು ಎತ್ತೋ ಪಾಳಿ ಈ ವರ್ಷ ಹ್ಯಾಗೆ?"

ಆ ಕಾಡಿನಲ್ಲಿ ಒಂದು ಪದ್ಧತಿ ಇತ್ತು. ಮಳೆಗೆ ಮುಂಚೆ ಬಿಲದ ಮಾಲೀಕರೆಲ್ಲ ಕೆರೆಯ ಹೂಳು ಎತ್ತಬೇಕು. ಬಿಲಕ್ಕೊಂದು ಪಾಳಿ. ಪಾಳಿಗೆ ನೂರು ಪುಟ್ಟಿ ಮಣ್ಣು.

ಸಾಹೇಬರು ಕಿವಿ ಬೀಸಿದರು. "ಒಳ್ಳೇದು ನೆನಪು ಮಾಡಿದೆ ತಾಯಿ. ಪಾಲಾಕ್ಷಿ, ನಿನ್ನದು ನೂರ ನಲವತ್ತು ಪಾಳಿ. ಮಳೆಗೆ ಇನ್ನು ಹದಿನಾಲ್ಕು ದಿನ ಇದೆ. ದಿನಕ್ಕೆ ಹತ್ತು ಪಾಳಿ ಹಾಕಿದ್ರೆ ಸರಿಹೋಗುತ್ತೆ. ಪುಟ್ಟಿ ಅಲ್ಲಿದೆ ನೋಡು."

"ಸಾಹೇಬ್ರೆ, ದಿನಕ್ಕೆ ಸಾವಿರ ಪುಟ್ಟಿ ಆಗುತ್ತಲ್ಲ?"

"ಆಸ್ತಿವಂತರ ಕಷ್ಟ ನಮಗೇನು ಗೊತ್ತಪ್ಪ," ಎಂದರು ಸಾಹೇಬರು. ತಾವೇ ಹೋಗಿ ಕೆರೆಯ ದಡದಲ್ಲಿ ಕೂತರು.

ಪಾಲಾಕ್ಷಿ ಪುಟ್ಟಿ ಹೊತ್ತ. ಕಾಡಿಗೆ ಕಾಡೇ ಏರಿಯ ಮೇಲೆ ಸಾಲಾಗಿ ಕೂತು ಕಡಲೆಕಾಯಿ ತಿನ್ನುತ್ತ ನೋಡಿತು. ಬಿಲ ಇಲ್ಲದವರಿಗೆ ಪಾಳಿಯೂ ಇಲ್ಲವಲ್ಲ.

"ಧಣಿ, ಆ ಕಡೆ ಮೂಲೇಲಿ ಸ್ವಲ್ಪ ಉಳೀತು," ಎಂದಿತು ಹೆಗ್ಗಣ.

"ಮೆಲ್ಲಗೆ ಧಣಿ, ಸೊಂಟ ಜೋಪಾನ. ಬಾಡಿಗೆ ಕೇಳೋಕೆ ಬರಬೇಕಲ್ಲ ನೀವು," ಎಂದಳು ಚೌಡಮ್ಮ.

ಸಂಜೆಯ ಹೊತ್ತಿಗೆ ಪಾಲಾಕ್ಷಿಯ ಕೆಂಪು ಬಾಲ ಕೆಸರಿನ ಹಗ್ಗವಾಗಿತ್ತು. ಎತ್ತಿದ್ದು ಮುನ್ನೂರು ಪುಟ್ಟಿ. ಉಳಿದ ಏಳುನೂರು ನಾಳೆಯ ಸಾವಿರಕ್ಕೆ ಸೇರಿತು. ಎರಡನೆಯ ದಿನ ಮಧ್ಯಾಹ್ನಕ್ಕೆ ಅವನು ಪುಟ್ಟಿಯನ್ನು ತಲೆಯ ಮೇಲೆ ಬೋರಲು ಹಾಕಿಕೊಂಡು ಸಾಹೇಬರ ಕಾಲ ಬಳಿ ಬಿದ್ದ.

"ಒಂದು ಬಿಲವೂ ನಂದಲ್ಲ ಸಾಹೇಬ್ರೆ. ನನಗಿರೋದು ಒಂದು ಗುಹೆ. ಮುಖ ಹಾಕೋ ಹಾಗೆ ಮಷೀನಿಗೆ ನಾನೇ ಕಲಿಸಿದ್ದು. ಅರ್ಧ ಬಾಟಲಿ ಶಾಯಿ ನನ್ನ ಮುಖಕ್ಕೇ ಹೋಗ್ತಿತ್ತು. ಬೇರೆ ಶಾಯಿ ಉಗಿಯೋ ಹಾಗೆ ಬೀಗ ಹಾಕಿದ್ದೂ ನಾನೇ. ಮಷೀನು ಕೊಟ್ಟಿದ್ದು ಅಗ್ಗಕ್ಕಲ್ಲ. ಶಾಯಿ ಮಾರೋಕೆ."

"ಎಲ್ಲರಿಗೂ ಕೇಳಿಸ್ತಾ?" ಎಂದರು ಸಾಹೇಬರು.

"ಇನ್ನೊಂದು ಸಲ ಹೇಳಲಿ, ಹಿಂದೆ ಕೂತೋರಿಗೆ ಕೇಳಿಸಿಲ್ಲ," ಎಂದಿತು ಹೆಗ್ಗಣ. ಪಾಲಾಕ್ಷಿ ಇನ್ನೊಂದು ಸಲ ಹೇಳಿದ.

ಸಾಹೇಬರು ಒಂದು ಇದ್ದಿಲಿನ ತುಂಡು ಕೊಟ್ಟರು. "ಮೂಲೇಲಿರೋದು ನಿನ್ನ ಮುಖ. ಬೇರೆಯವರು ಅಳಿಸಿದ್ರೆ ಮರ್ಯಾದೆ ಅಲ್ಲ. ನೀನೇ ಅಳಿಸು."

ಪಾಲಾಕ್ಷಿ ಅರ್ಜಿಗಳ ಮುಂದೆ ಕೂತ. ನೂರ ನಲವತ್ತು ಸಲ ತನ್ನ ಮುಖಕ್ಕೆ ತಾನೇ ಮಸಿ ಬಳಿದ. "ಇದ್ರಲ್ಲಿ ಚೆನ್ನಾಗಿ ಬಂದಿದ್ದೆ," ಎಂದು ನಡುವೆ ಒಂದು ಸಲ ನಿಟ್ಟುಸಿರು ಬಿಟ್ಟ. ಒಬ್ಬೊಬ್ಬರೇ ಬಂದು ಪಕ್ಕದಲ್ಲಿ ಹೊಸದಾಗಿ ಹೆಜ್ಜೆ ಒತ್ತಿದರು. ಚೌಡಮ್ಮ ಎಷ್ಟು ಗಟ್ಟಿಯಾಗಿ ಒತ್ತಿದಳೆಂದರೆ ಕಾಗದ ತೂತಾಯಿತು. ಸಾಹೇಬರು ತೂತನ್ನೂ ಒಪ್ಪಿಕೊಂಡರು. ನರಿ ಎತ್ತಿದ ಮಣ್ಣು ವಯಸ್ಸಾದವರ, ಬಾಣಂತಿಯರ ಪಾಳಿಗೆ ಜಮೆಯಾಯಿತು.

ಪಾಲಾಕ್ಷಿ ಕೆಂಪು ಮಷೀನನ್ನು ವಾಪಸು ಹೊತ್ತುಕೊಂಡು ಹೋದ. ತೆಗೆದುಕೊಂಡ ಮೊಟ್ಟೆಯನ್ನೆಲ್ಲ ತಂದು ಲೆಕ್ಕ ಹಾಕದೆಯೇ ತಿಪ್ಪಮ್ಮನ ಮುಂದಿಟ್ಟ. ಅವಳು ಲೆಕ್ಕ ಹಾಕಿಯೇ ತೆಗೆದುಕೊಂಡಳು.

ಆಮೇಲೆ ಗಂಡ ಹೆಂಡತಿ ಕೊಕ್ಕರೆಯ ಅಂಗಡಿಗೆ ಹೋದರು. ಈ ಸಲ ತಿಪ್ಪಮ್ಮ ಬಾಯಿಯೇ ಬಿಡಲಿಲ್ಲ.

"ಒಂದು ಸಲ ಶಾಯಿ ತುಂಬಿಸಿದ್ರೆ ಎಷ್ಟು ಕಾಗದ?" ಎಂದ ಕೆಂಚಪ್ಪ. ಕೊಕ್ಕರೆ ಹೇಳಿತು.

"ಶಾಯಿ ಬೇರೆ ಕಡೆ ಸಿಕ್ರೆ ನಾವೇ ತುಂಬಿಸಬಹುದಾ?" ಕೊಕ್ಕರೆ ಹೇಳಿತು.

"ಕೆಟ್ಟರೆ ರಿಪೇರಿ ಯಾರು ಮಾಡ್ತಾರೆ? ಬಿಡಿ ಸಾಮಾನು ಈ ಕಾಡಲ್ಲೇ ಸಿಗುತ್ತಾ? ಮೋಡ ಮುಚ್ಚಿದಾಗ ಕಡಿಮೆ ಕರೆಂಟಲ್ಲಿ ಓಡುತ್ತಾ? ಒಂದು ಅರ್ಜಿ ಹಾಕಿ ತೋರಿಸು. ಮೂಲೆ ಕಡೆ ತಿರುಗಿಸು. ಇನ್ನೊಂದು ಹಾಕು."

ಕೊಕ್ಕರೆ ಮುಂಜಾನೆಯಿಂದ ಒಂಟಿ ಕಾಲಿನಲ್ಲಿ ನಿಂತು ಉತ್ತರ ಕೊಡುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಅದು ಕಾಲು ಬದಲಾಯಿಸಿತು. ಕೊಕ್ಕರೆಗೂ ಕಾಲು ನೋಯುವಂತೆ ಮಾಡಿದವನು ಆ ಕಾಡಿನಲ್ಲಿ ಕೆಂಚಪ್ಪ ಒಬ್ಬನೇ.

ನೀತಿ: ಕೊಳ್ಳುವ ದಿನದ ಬೆಲೆ ನೋಡಿ ಹಿಗ್ಗಬೇಡಿ, ಬಳಸುವ ದಿನಗಳ ಖರ್ಚು ಕೇಳಿಕೊಂಡು, ನಿಮ್ಮ ಕೆಲಸಕ್ಕೆ ಬೇಕಾದಷ್ಟೇ ಮಾಡುವ ಯಂತ್ರ ಕೊಳ್ಳಿ.