ಜೋಡಿ ಪೆಡಲಿಗೆ ಸಿಕ್ಕ ಪೆಟ್ಟಿಗೆ

ವಾದ್ಯಗೋಷ್ಠಿಯ ಸಾಮಾನು ಕೋಣೆಯಲ್ಲಿ, ದೊಡ್ಡ ಡ್ರಮ್ಮನ್ನು ಎರಡೂ ಕಾಲಿನಿಂದ ಬಾರಿಸುವ ಜೋಡಿ ಪೆಡಲುಗಳಿದ್ದವು. ಬಲದ್ದು ಅಣ್ಣ, ಎಡದ್ದು ತಮ್ಮ. ಇಬ್ಬರನ್ನೂ ಕೂಡಿಸುವ ತೆಳು ಕಂಬಿ ತಂಗಿ. ಹೋದ ಕಾರ್ಯಕ್ರಮಕ್ಕೆ ಗೋಣಿಚೀಲದಲ್ಲಿ ಹೋಗಿಬಂದು ತಂಗಿಯ ಸೊಂಟ ಬಾಗಿತ್ತು. ರಿಪೇರಿಯಾಗಿ ಬಂದ ದಿನವೇ ಅಣ್ಣ ಹಟ ಹಿಡಿದ: "ಇನ್ನು ಸರಿಯಾದ ಪೆಟ್ಟಿಗೆ ಸಿಗದೆ ನಾವು ಲಾರಿ ಹತ್ತುವುದಿಲ್ಲ."

ಮೊದಲು ತಬಲದ ಪೆಟ್ಟಿಗೆಯನ್ನು ಕೇಳಿದ.

"ಜೋಡಿಗೆಂದೇ ಹುಟ್ಟಿದವನು ನಾನು. ಒಳಗೆಲ್ಲ ಮಖಮಲ್ಲು," ಎಂದಿತು ಅದು. "ನೀವಿಬ್ಬರೂ ಬನ್ನಿ. ಕಂಬಿ ಬೇಡ, ಅದು ಗೀರುತ್ತದೆ."

"ಅವಳಿಲ್ಲದಿದ್ದರೆ ತಮ್ಮನನ್ನು ಎಷ್ಟು ತುಳಿದರೂ ಏಟು ಡ್ರಮ್ಮಿಗೆ ಮುಟ್ಟುವುದಿಲ್ಲ," ಎಂದು ಅಣ್ಣ ಮುಂದೆ ನಡೆದ.

ಹಾರ್ಮೋನಿಯಂ ಪೆಟ್ಟಿಗೆ ಬಾಯಿ ತೆರೆದು, "ನನ್ನಲ್ಲಿ ಬೇಕಾದಷ್ಟು ಜಾಗವಿದೆ, ಮೂವರೂ ಬಿದ್ದುಕೊಳ್ಳಿ," ಎಂದಿತು. ಇಳಿದು ನೋಡಿದರು. ಪೆಟ್ಟಿಗೆ ಒಮ್ಮೆ ಅಲುಗಿದ್ದೇ ತಡ, ಅಣ್ಣನೇ ತಂಗಿಯ ಮೇಲೆ ಹೋಗಿ ಬಿದ್ದ. ತಂಗಿ ತಮ್ಮಂದಿರನ್ನು ಎಬ್ಬಿಸಿಕೊಂಡು ಹೊರಗೆ ಬಂದ.

ಮೂಲೆಯಲ್ಲಿ ಲೈಟಿನವರ ತುಕ್ಕು ಹಿಡಿದ ತಗಡಿನ ಪೆಟ್ಟಿಗೆಯಿತ್ತು. ಅದು ತನ್ನ ಬಗ್ಗೆ ಏನೂ ಹೇಳಿಕೊಳ್ಳಲಿಲ್ಲ. "ನಿಮ್ಮಲ್ಲಿ ಮೊದಲು ಮುರಿಯುವವರು ಯಾರು?" ಎಂದು ಕೇಳಿತು.

"ತಂಗಿ," ಎಂದ ಅಣ್ಣ.

"ಹಾಗಾದರೆ ಅವಳನ್ನು ಹಳೇ ಬನಿಯನ್ನಿನಲ್ಲಿ ಸುತ್ತಿ ಮೊದಲು ಮಲಗಿಸಿ. ನಿಮ್ಮ ಜಾಗ ಆಮೇಲೆ ನೋಡೋಣ."

ಮೂವರೂ ಅದರಲ್ಲಿ ಹಿಡಿಸುತ್ತಾರೋ ಇಲ್ಲವೋ ಎಂದು ಅಣ್ಣ ಅಳತೆ ನೋಡಲಿಲ್ಲ. ಬನಿಯನ್ ಹುಡುಕಲು ಹೊರಟ.